ಇನ್ನೂರ ಹದಿನಾಲ್ಕನೇ ಫೋಟೋ

ಇನ್ನೂರ ಹದಿಮೂರರ ಪಕ್ಕದಲ್ಲಿ ಇನ್ನೂರ ಹದಿನೈದು ಇತ್ತು. ನಡುವಿನದು ಇರಲಿಲ್ಲ.

"ಹದಿನಾಲ್ಕು ಎಲ್ಲಿ?" ಎಂದೆ.

ಉದಯಶಂಕರ ಮೌಸ್ ಮೇಲಿಂದ ಕೈ ತೆಗೆದು ತೊಡೆಗೆ ಒರೆಸಿಕೊಂಡರು. ಶನಿವಾರ ಬೆಳಿಗ್ಗೆ ಒಂಬತ್ತು ಗಂಟೆ. ಸ್ಯಾನ್ ಡಿಯಾಗೋದ ಮೀರಾ ಮೆಸಾ ಬಡಾವಣೆಯಲ್ಲಿ ಅವರ ಮನೆಯ ಗ್ಯಾರೇಜಿನಲ್ಲಿ, ಅಕ್ಕಿ ಚೀಲ ಮತ್ತು ವಾಷಿಂಗ್ ಮೆಷಿನ್ ನಡುವೆ ಇಟ್ಟ ಕಂಪ್ಯೂಟರಿನ ಮುಂದೆ ನಾವಿಬ್ಬರೂ ಕೂತಿದ್ದೆವು.

"ಅದು ಕಪ್ಪ ಬಂದಿತ್ರೀ ಅಕ್ಕಾರ," ಎಂದರು. "ಅಳಿಸಿಬಿಟ್ಟೆ."

ಮಂಗಳವಾರ ಸಂಜೆ ನಾಲ್ಕು ಐವತ್ತಮೂರಕ್ಕೆ, ಶಾಲೆಯ ಜಿಮ್ಮಿನಲ್ಲಿ ಹುಡುಗಿಯರ ಬ್ಯಾಸ್ಕೆಟ್‌ಬಾಲ್ ಪಂದ್ಯ ನಡೆಯುತ್ತಿರುವಾಗ, ಮಗಳ ತಂಡದ ಫೋಟೋಗೆಂದು ಇವರು ಗ್ಯಾಲರಿಯ ರೇಲಿಂಗಿಗೆ ಕಟ್ಟಿದ್ದ ನಾಲ್ಕು ಫ್ಲಾಶ್ ದೀಪಗಳಲ್ಲಿ ಒಂದು ಕಳಚಿ ಸಹಾಯಕ ಕೋಚ್ ಡೆಲ್ಗಾಡೊ ಅವರ ತಲೆಯ ಮೇಲೆ ಬಿದ್ದಿತ್ತು. ಅವರಿಗೆ ಇನ್ನೂ ಪ್ರಜ್ಞೆ ಬಂದಿಲ್ಲ. ಶಾಲೆಯ ವಿಮೆಯವರ ಪರವಾಗಿ ತನಿಖೆ ಮಾಡುತ್ತಿರುವವಳು ನಾನು, ಅನಸೂಯ. ಹದಿನಾರು ವರ್ಷ ಸುಟ್ಟ ಅಡುಗೆಮನೆ, ಜಜ್ಜಿದ ಕಾರು ನೋಡಿದವಳಿಗೆ ಈ ಕೇಸು ಯಾಕೋ ಮೊದಲ ದಿನದಿಂದಲೂ ಸರಿಬಂದಿರಲಿಲ್ಲ.

ಹಿಡಿದ ಕ್ಲ್ಯಾಂಪ್ ಸಡಿಲವಾದರೂ ದೀಪ ಬೀಳದಂತೆ ಕಟ್ಟಿದ್ದ ಸೇಫ್ಟಿ ಕೇಬಲ್ ಹರಿದಿರಲಿಲ್ಲ. ಅದರ ಕೊಕ್ಕೆ ಬಿಚ್ಚಿತ್ತು. ಒಂದೋ ಉದಯಶಂಕರ ಹಾಕುವುದನ್ನೇ ಮರೆತಿದ್ದಾರೆ, ಇಲ್ಲವೇ ಯಾರೋ ಬಿಚ್ಚಿದ್ದಾರೆ. ಸೋಮವಾರ ಬೆಳಿಗ್ಗೆ ನಾನು ವರದಿಗೆ ಸಹಿ ಹಾಕಬೇಕು. ಮರೆತರು ಎಂದು ಬರೆದರೆ ಪೊಲೀಸರು ಇವರ ಮೇಲೆ ಕೇಸು ಹಾಕುತ್ತಾರೆ. ಡೆಲ್ಗಾಡೊ ಉಳಿಯದಿದ್ದರೆ ಜೈಲು. ಯಾರೋ ಬಿಚ್ಚಿದರು ಎಂದು ಬರೆಯಬೇಕಾದರೆ ಆ ಯಾರೋ ಯಾರು ಎಂದು ನನಗೆ ಗೊತ್ತಿರಬೇಕು.

ಈ ನಾಲ್ಕು ದಿನದಲ್ಲಿ ನಾನು ಫ್ಲಾಶ್ ದೀಪಗಳ ಬಗ್ಗೆ ಬೇಕಾದ್ದಕ್ಕಿಂತ ಹೆಚ್ಚು ಕಲಿತಿದ್ದೆ. ಕ್ಯಾಮರಾದ ಬಟನ್ ಒತ್ತಿದರೆ ಅದರ ಮೇಲಿನ ರೇಡಿಯೋ ಟ್ರಿಗರ್ ಸಂಕೇತ ಕಳಿಸುತ್ತದೆ, ನಾಲ್ಕು ಮೂಲೆಯ ದೀಪಗಳೂ ಒಟ್ಟಿಗೆ ಮಿಂಚುತ್ತವೆ. ಮತ್ತೆ ಚಾರ್ಜ್ ಆಗಲು ಮೂರು ಸೆಕೆಂಡ್ ಬೇಕು. ಅಷ್ಟರೊಳಗೆ ಒತ್ತಿದರೆ ದೀಪ ಮಿಂಚುವುದಿಲ್ಲ, ಫೋಟೋ ಕಪ್ಪಾಗುತ್ತದೆ.

ಪರದೆಯಲ್ಲಿ ಹೊತ್ತು ನೋಡಿದೆ. ಇನ್ನೂರ ಹದಿಮೂರು ತೆಗೆದದ್ದು ನಾಲ್ಕು ಐವತ್ತೊಂದಕ್ಕೆ, ಹದಿನೈದು ತೆಗೆದದ್ದು ಐವತ್ತೆರಡಾದ ಮೇಲೆ. ನಡುವೆ ಅರ್ಧ ನಿಮಿಷಕ್ಕೂ ಹೆಚ್ಚು ಬಿಡುವಿತ್ತು.

"ಮೂರು ಸೆಕೆಂಡ್ ಕಾಯದೆ ಒತ್ತಿದ್ದಿರಾ?" ಎಂದು ಕೇಳಿದೆ.

"ಇಲ್ರೀ." ಅವರಿಗೆ ಅವಮಾನವಾದಂತಿತ್ತು. "ಆರು ವರ್ಷಾತು ಹೊಡ್ಯಾಕತ್ತು. ಕಾಯೂದು ನನಗ ಗೊತ್ತಿಲ್ಲೇನು?"

 ಹೇಳಬಾರದ್ದನ್ನು ಹೇಳಿದೆ ಎಂದು ಅವರ ಮುಖವೇ ಹೇಳಿತು.

"ಹಾಗಾದರೆ ನೀವು ಒತ್ತುವುದಕ್ಕೆ ಸ್ವಲ್ಪ ಮುಂಚೆ ಬೇರೆ ಯಾರೋ ನಿಮ್ಮ ದೀಪಗಳನ್ನು ಮಿಂಚಿಸಿದ್ದಾರೆ," ಎಂದೆ. "ಅವರ ಹತ್ತಿರ ಒಂದು ಫೋಟೋ ಇದೆ, ದೀಪ ಬೀಳುವ ಒಂದು ನಿಮಿಷ ಮುಂಚಿನದು."

ನನ್ನ ಮಾತಿಗೆ ಅವರು ಎದ್ದು ಕುಣಿಯಬೇಕಿತ್ತು. ಜೈಲಿಗೆ ಹೋಗಬೇಕಾದವರಿಗೆ ಒಬ್ಬ ಸಾಕ್ಷಿ ಸಿಕ್ಕಂತಾಯಿತಲ್ಲ. ಬದಲಿಗೆ ಅವರು ಬೆವರಿದರು. ಬಿಡ್ರಿ ಅಕ್ಕಾರ, ಆ ದೀಪ ಹಳೇವು, ಒಮ್ಮೊಮ್ಮೆ ತಾವೇ ಮಿಂಚತಾವ ಎಂದರು. ಕಪ್ಪು ಫೋಟೋ ಕೆಟ್ಟ ಕೆಲಸದ ಗುರುತು ಎಂದು ನಾಚಿಕೆ ಇರಬೇಕು ಎಂದುಕೊಂಡೆ. ಅಲ್ಲಿ ನಾನು ಎಡವಿದೆ.

ಗ್ಯಾರೇಜಿನ ಮೂಲೆಯಲ್ಲಿ ಐದನೆಯದೊಂದು ದೀಪ ಸ್ಟ್ಯಾಂಡಿನ ಮೇಲೆ ಇತ್ತು. ಅದರ ಪಕ್ಕಕ್ಕೆ ಬಿಳಿ ಟೇಪ್, ಟೇಪಿನ ಮೇಲೆ ಕಪ್ಪು ಮಾರ್ಕರಿನಲ್ಲಿ '೧೧' ಎಂದು ಬರೆದಿತ್ತು. ಅದು ರೇಡಿಯೋ ಚಾನೆಲ್. ಮಗಳ ಜೆರ್ಸಿಯ ನಂಬರೂ ಅದೇ. ಬೇರೆ ಶಾಲೆಯ ಅಪ್ಪಂದಿರು ಟೇಪ್ ನೋಡಿ ತಮ್ಮ ಟ್ರಿಗರನ್ನು ಅದೇ ಚಾನೆಲ್ಲಿಗೆ ತಿರುಗಿಸಿಕೊಂಡು ಇವರ ಬೆಳಕನ್ನು ಪುಕ್ಕಟೆ ಹೊಡೆದುಕೊಳ್ಳುತ್ತಾರೆ ಎಂದು ಉದಯಶಂಕರ ಕನ್ನಡ ಅಂಕಿಯಲ್ಲಿ ಬರೆಯುತ್ತಿದ್ದರು. ಸ್ಯಾನ್ ಡಿಯಾಗೋದಲ್ಲಿ ಯಾರು ಓದುತ್ತಾರೆ ಎಂಬ ಧೈರ್ಯ.

ಓದಿದ್ದಾರೆ. ಅಂದರೆ ನಮ್ಮವರೇ.

ಇದು ಹೊಳೆದಾಗ ನನಗೆ ನಿಜವಾಗಿ ಭಯವಾಯಿತು. ಅಪರಿಚಿತನನ್ನು ಹುಡುಕುವುದು ಕೆಲಸ. ಯುಗಾದಿಗೆ ಎದುರು ಕೂತು ಒಬ್ಬಟ್ಟು ತಿಂದವರನ್ನು ಹುಡುಕುವುದು ಬೇರೆ. ಆ ಸಂಜೆ ಜಿಮ್ಮಿನಲ್ಲಿ ಕನ್ನಡ ಅಂಕಿ ಬಲ್ಲವರು ನಾಲ್ಕೇ ಜನ. ಉದಯಶಂಕರ ಒಬ್ಬರು. ಅವರ ಮಗಳು ಸಿಂಧೂರ, ಹದಿನೇಳು ವರ್ಷ. ಅದೇ ತಂಡದ ಇನ್ನೊಬ್ಬ ಆಟಗಾರ್ತಿಯ ಅಪ್ಪ ಓಂಪ್ರಕಾಶ್, ವಾರವೆಲ್ಲ ಟೊರೆನ್ಸ್‌ನಲ್ಲಿ ವಿಮಾನದ ಬಿಡಿಭಾಗದ ಕೆಲಸ, ಪಂದ್ಯದ ದಿನ ಎರಡು ಗಂಟೆ ಡ್ರೈವ್ ಮಾಡಿಕೊಂಡು ಬರುತ್ತಾರೆ. ಅವರ ಹೆಂಡತಿ ನಮ್ರತಾ, ಸದ್ದು ಕಡಿಮೆ ಎಂದು ಯಾವಾಗಲೂ ಗ್ಯಾಲರಿಯ ತುತ್ತತುದಿಯಲ್ಲಿ ಕೂತು ನಮ್ಮವರಿಗೆಲ್ಲ ಚಕ್ಕುಲಿ ಹಂಚುವವರು.

ಒಂಬತ್ತೂವರೆಗೆ ಓಂಪ್ರಕಾಶ್‌ಗೆ ಫೋನ್ ಮಾಡಿದೆ. ಟೊರೆನ್ಸ್ ರೂಮಿನಲ್ಲೇ ಇದ್ದೇನೆ, ಬಟ್ಟೆ ಒಗೆಯುತ್ತಿದ್ದೇನೆ ಎಂದರು. ಅವರ ಕ್ಯಾಮರಾಗೆ ರೇಡಿಯೋ ಟ್ರಿಗರ್ ಇದೆಯೇ ಎಂದು ಕೇಳಿದೆ. ಕ್ಯಾಮರಾ ಮುಟ್ಟಿ ವರ್ಷವಾಯಿತು ಎಂದರು. ನಾನು ಈಗ ಜಿಮ್ಮಿಗೆ ಹೋಗಿ ದೀಪಗಳನ್ನು ಪರೀಕ್ಷಿಸುತ್ತೇನೆ ಎಂದು ಬೇಕೆಂದೇ ಹೇಳಿದೆ. ಎಷ್ಟು ಹೊತ್ತಿಗೆ ಎಂದು ಕೇಳಿದರು.

ಅಪಘಾತದ ನಂತರ ಉದಯಶಂಕರ ಶಾಲೆಗೆ ಕಾಲಿಡುವಂತಿಲ್ಲ. ಯಾವ ದೀಪಕ್ಕೆ ಯಾವ ಪ್ಲಗ್ ಎಂದು ತೋರಿಸಲು ಸಿಂಧೂರ ನನ್ನ ಜೊತೆ ಬಂದಳು. ಬೇಡ ಪಾಪು ಎಂದು ಅಪ್ಪ ಎರಡು ಸಲ ಹೇಳಿದರು. ಅವಳು ಶೂ ಹಾಕಿಕೊಂಡು ಕಾರಿನಲ್ಲಿ ಕೂತಾಗಿತ್ತು.

ಶಾಲೆ ಇರುವ ಡೆಲ್ ಮಾರ್ ಕಡೆಯ ರಸ್ತೆಯಲ್ಲಿ ನಾನು ಕನ್ನಡದಲ್ಲಿ ಕೇಳುತ್ತ ಹೋದೆ, ಅವಳು ಇಂಗ್ಲಿಷಿನಲ್ಲಿ ಉತ್ತರ ಕೊಡುತ್ತ ಬಂದಳು. ಈ ಹುಡುಗಿಯ ಬಾಯಲ್ಲಿ ಒಂದು ಕನ್ನಡ ಪದವನ್ನೂ ನಾನು ಕೇಳಿದವಳಲ್ಲ. ಮಂಗಳವಾರ ಐದು ಫೌಲ್ ಆಗಿ ನಾಲ್ಕು ನಲವತ್ತಕ್ಕೇ ಅವಳನ್ನು ಆಟದಿಂದ ಹೊರಗೆ ಕಳಿಸಿದ್ದರಂತೆ. ಆಮೇಲೆ ಎಲ್ಲಿದ್ದೆ ಎಂದೆ. ಬಾತ್‌ರೂಮಿನಲ್ಲಿ ಅಳುತ್ತಿದ್ದೆ ಎಂದಳು. ಅಪ್ಪನ ದೀಪಗಳ ಬಗ್ಗೆ ಕೇಳಿದಾಗ ಕಿಟಕಿ ಕಡೆ ತಿರುಗಿದಳು.

"ಎವ್ರಿ ಟೈಮ್ ಇಟ್ ಫ್ಲಾಶಸ್, ಐ ಮಿಸ್." ದೀಪ ಮಿಂಚಿದಾಗಲೆಲ್ಲ ಅವಳ ಚೆಂಡು ಬುಟ್ಟಿ ತಪ್ಪುತ್ತದಂತೆ.

ಜಿಮ್ಮಿಗೆ ಕಿಟಕಿಗಳಿಲ್ಲ. ಹೊರಗೆ ಹತ್ತೂವರೆಯ ಬಿಸಿಲಿದ್ದರೂ ಒಳಗೆ ಸ್ವಿಚ್ ಹಾಕದಿದ್ದರೆ ಕತ್ತಲೆ. ಶಾಲೆಯವರು ಕೊಟ್ಟಿದ್ದ ಬೀಗದ ಕೈಯಿಂದ ಸಿಂಧೂರ ಗೋಡೆಯ ಪೆಟ್ಟಿಗೆ ತೆರೆದು ಸ್ವಿಚ್ ಹಾಕಿದಳು. ಹಳೆಯ ದೊಡ್ಡ ದೀಪಗಳು, ಒಮ್ಮೆಗೇ ಬೆಳಕು ಕೊಡುವುದಿಲ್ಲ. ಮೊದಲು ಗುಂಯ್ ಎಂದವು, ಆಮೇಲೆ ನಿಧಾನಕ್ಕೆ ನೀಲಿಯಾಗಿ, ಐದು ನಿಮಿಷ ಕಳೆದ ಮೇಲೆ ಬೆಳ್ಳಗಾದವು.

ಗ್ಯಾಲರಿಗೆ ಹತ್ತುವುದಕ್ಕೆ ಇರುವುದು ಒಂದೇ ಮೆಟ್ಟಿಲು. ನನಗೆ ಎತ್ತರ ಕಂಡರೆ ಆಗುವುದಿಲ್ಲ, ಗೋಡೆ ಸವರಿಕೊಂಡೇ ಹತ್ತಿದೆ. ಉಳಿದ ಮೂರು ದೀಪಗಳು ಇದ್ದಲ್ಲೇ ಇದ್ದವು. ಸಿಂಧೂರ ಒಂದೊಂದಾಗಿ ಪ್ಲಗ್ ಹಾಕಿದಳು. ಒಂದೊಂದೂ ಬೀಪ್ ಎಂದು ಸಿದ್ಧವಾಯಿತು. ನಾಲ್ಕನೆಯ ಮೂಲೆಯಲ್ಲಿ ಖಾಲಿ ರೇಲಿಂಗ್, ಅದರ ನೇರ ಕೆಳಗೆ ಡೆಲ್ಗಾಡೊ ಕೂತಿದ್ದ ಬೆಂಚು. ಯಾರೋ ನೆಲವನ್ನು ಉಜ್ಜಿ ಉಜ್ಜಿ ಅಷ್ಟು ಜಾಗ ಮಾತ್ರ ಬಣ್ಣಗೆಟ್ಟಿತ್ತು.

ನೀರು ತರುತ್ತೇನೆ ಎಂದು ಸಿಂಧೂರ ಕೆಳಗಿಳಿದು ಹೋದಳು. ನಾನು ಖಾಲಿ ಮೂಲೆಯಲ್ಲಿ ಮಂಡಿಯೂರಿ ಕ್ಲ್ಯಾಂಪಿನ ಗೀರುಗಳನ್ನು ನೋಡುತ್ತಿದ್ದೆ.

ಆಗ ಲೈಟ್ ಹೋಯಿತು.

ಕತ್ತಲೆ ಎಂದರೆ ನನ್ನ ಕೈಯೇ ನನಗೆ ಕಾಣದಷ್ಟು. ಸಿಂಧೂರ ಎಂದು ಕರೆದೆ. ನನ್ನ ದನಿ ಜಿಮ್ಮಿನ ತುಂಬ ತಿರುಗಿ ನನಗೇ ಬಂತು. ಕೆಳಗೆ ಬಾಗಿಲಿನ ಕಬ್ಬಿಣದ ಅಗಳಿ ಕಟ್ ಎಂದಿತು. ಯಾರೋ ಒಳಗೆ ಬಂದರು, ಇಲ್ಲವೇ ಹೊರಗೆ ಹೋದರು.

ನಾನು ಧೈರ್ಯವಂತೆ ಎಂದು ಬರೆದುಕೊಂಡರೆ ನನ್ನ ಗಂಡನೇ ನಗುತ್ತಾರೆ. ಫೋನಿನ ಟಾರ್ಚ್ ಹಚ್ಚಲೂ ತೋಚದೆ ರೇಲಿಂಗಿನ ಕಂಬ ತಬ್ಬಿಕೊಂಡು ಕೂತುಬಿಟ್ಟೆ.

ದೀಪ ಮಿಂಚಿತು.

ಮೂರು ಮೂಲೆಗಳಿಂದ ಒಟ್ಟಿಗೆ. ಇಡೀ ಜಿಮ್ಮು ಒಂದು ಕ್ಷಣ ಸುಣ್ಣ ಬಳಿದ ಹಾಗೆ ಬೆಳ್ಳಗಾಗಿ ಮತ್ತೆ ಕಪ್ಪಾಯಿತು. ಅಂಕಣ ಖಾಲಿ ಇತ್ತು. ಕಣ್ಣಲ್ಲಿ ಹಸಿರು ಕಲೆಗಳು ಈಜತೊಡಗಿದವು. ನಾನು ಒತ್ತಿರಲಿಲ್ಲ. ನನ್ನ ಹತ್ತಿರ ಟ್ರಿಗರೇ ಇರಲಿಲ್ಲ.

ಒಂದು, ಎರಡು, ಮೂರು. ಬೀಪ್.

ಮತ್ತೆ ಮಿಂಚಿತು. ಈ ಸಲ ಎದುರು ಬುಟ್ಟಿಯ ಕೆಳಗೆ ಒಬ್ಬ ಗಂಡಸು ನಿಂತಿದ್ದ. ಕ್ಯಾಮರಾ ಎದೆಗೆ ಒತ್ತಿಕೊಂಡಿದ್ದ, ತಲೆ ಮೇಲೆತ್ತಿದ್ದ.

ಎಣಿಸುವುದು ಬೇಡವೆಂದರೂ ಎಣಿಸಿದೆ. ಮೂರನೆಯ ಮಿಂಚಿಗೆ ಆತ ಅಂಕಣದ ನಡುವಿಗೆ ಬಂದಿದ್ದ. ನನ್ನ ಕಡೆಗೇ ನೋಡುತ್ತಿದ್ದ. ನಾಲ್ಕನೆಯದಕ್ಕೆ ಮೆಟ್ಟಿಲ ಬುಡದಲ್ಲಿದ್ದ. ಆಮೇಲೆ ಮಿಂಚಲಿಲ್ಲ. ಕಬ್ಬಿಣದ ಮೆಟ್ಟಿಲ ಮೇಲೆ ಹೆಜ್ಜೆ ಸದ್ದು ಮಾತ್ರ. ಅಷ್ಟೇ ಆಗಿದ್ದರೆ ಸಹಿಸಬಹುದಿತ್ತು. ನನ್ನ ಬೆನ್ನ ಹಿಂದೆ, ಗ್ಯಾಲರಿಯ ಒಳಗೇ, ಒಂದು ಹಲಗೆ ಮೆಲ್ಲಗೆ ಕಿರ್ ಎಂದಿತು.

"ಮೇಡಂ, ಹೆದರ್ಕೋಬೇಡಿ. ನಾನು ಓಂಪ್ರಕಾಶ್."

ಹೆದರದಿರುವುದು ಹೇಗೆ? ಒಂದು ಗಂಟೆಯ ಹಿಂದೆ ಈ ಮನುಷ್ಯ ಟೊರೆನ್ಸ್‌ನಲ್ಲಿ ಬಟ್ಟೆ ಒಗೆಯುತ್ತಿದ್ದ. ಅಲ್ಲಿಂದ ಇಲ್ಲಿಗೆ ಹಾರಿ ಬರಬೇಕಷ್ಟೆ. ಅದನ್ನೇ ಹೇಳಿದೆ. 

ಸುಳ್ಳು ಹೇಳಿದೆ ಎಂದು ಒಪ್ಪಿಕೊಂಡರು. ಮಂಗಳವಾರದಿಂದ ಮೀರಾ ಮೆಸಾದಲ್ಲೇ ಇದ್ದಾರಂತೆ. ಕ್ಯಾಮರಾದ ಪುಟ್ಟ ಪರದೆ ಹೊತ್ತಿಸಿದರು. ಅದರ ಬೆಳಕಿನಲ್ಲಿ ಅವರ ಗಲ್ಲ, ಕನ್ನಡಕ ಕಂಡವು. ಅವರು ಮೆಟ್ಟಿಲ ಬಾಯಿಗೇ ನಿಂತಿದ್ದರು.

"ಲೈಟ್ ಯಾಕೆ ಆರಿಸಿದ್ರಿ?" ಎಂದೆ.

"ನಾನು ಸ್ವಿಚ್ ಮುಟ್ಟಿಲ್ಲ ಮೇಡಂ. ಒಳಗೆ ಬಂದೆ, ಆಗಲೇ ಹೋಯ್ತು. ನಿಮ್ಮ ಹಿಂದೆ ಯಾರೋ ಇದ್ದ ಹಾಗಿತ್ತು. ನಾನು ಫ್ಲಾಶ್ ಹೊಡೆದಿದ್ದೇ ನಿಮಗೆ ಕಾಣಲಿ ಅಂತ."

ಹಿಂದೆ ತಿರುಗಿದೆ. ಕತ್ತಲೆ ಬಿಟ್ಟು ಏನೂ ಇರಲಿಲ್ಲ.

ಅವರು ತಗ್ಗಿದ ದನಿಯಲ್ಲಿ ಎಲ್ಲ ಹೇಳಿದರು. ಟೇಪಿನ ಅಂಕಿ ಓದಿ ಆ ಸಂಜೆ ಉದಯಶಂಕರ ಅವರ ಬೆಳಕನ್ನು ಕದ್ದದ್ದು ನಿಜ. ತನ್ನ ಮಗಳದ್ದೂ ಒಂದು ಒಳ್ಳೆಯ ಫೋಟೋ ಇರಲಿ ಎಂಬ ಆಸೆ, ಕೇಳಲು ಸಂಕೋಚ. ಒಂದೇ ಒಂದು ಸಲ ಒತ್ತಿದ್ದು. ಆ ಫೋಟೋದಲ್ಲಿ ಮಗಳ ಜೊತೆ ಮೇಲಿನ ಈ ಮೂಲೆಯೂ ಬಂದಿತ್ತು. ಆಸ್ಪತ್ರೆಯ ಪಾರ್ಕಿಂಗಿನಲ್ಲಿ ಅದನ್ನು ಉದಯಶಂಕರ ಅವರಿಗೆ ತೋರಿಸಿದರಂತೆ. ಆತ ಇವರ ಎರಡೂ ಕೈ ಹಿಡಿದುಕೊಂಡು, ಯಾರಿಗೂ ತೋರಿಸಬೇಡ ಎಂದು ಅತ್ತರಂತೆ.

ಪರದೆಯನ್ನು ನನ್ನ ಕಡೆ ತಿರುಗಿಸಿದರು.

ದೊಡ್ಡದು ಮಾಡಿದ ಚಿತ್ರ. ರೇಲಿಂಗ್, ದೀಪ, ಕೇಬಲ್. ಕೇಬಲ್ಲಿನ ಕೊಕ್ಕೆಯ ಮೇಲೆ ಎರಡು ಕೈ. ತಂಡದ ನೀಲಿ ಜಾಕೆಟ್, ಫ್ಲಾಶಿಗೆ ಗಟ್ಟಿಯಾಗಿ ಮುಚ್ಚಿದ ಕಣ್ಣು. ಸಿಂಧೂರ.

 ಬೆಳಿಗ್ಗೆ ಗ್ಯಾರೇಜಿನಲ್ಲಿ ಆ ಅಪ್ಪ ಯಾಕೆ ಬೆವರಿದರೆಂದು ಈಗ ಅರ್ಥವಾಯಿತು. ಕಪ್ಪು ಫೋಟೋ ಅಳಿಸಿದ್ದು ನಾಚಿಕೆಗಲ್ಲ. ಇನ್ನೊಂದು ಕ್ಯಾಮರಾ ಇತ್ತು ಎಂದು ಹೇಳುವ ಗುರುತು ಅದೊಂದೇ ಆಗಿತ್ತು. ನಾನು ಅವರನ್ನು ಉಳಿಸುತ್ತೇನೆಂದು ಹೊರಟು ಅವರು ಮುಚ್ಚಿಟ್ಟ ಬಾಗಿಲನ್ನೇ ಒದೆಯುತ್ತಿದ್ದೆ.

ಜೇಬಿನಲ್ಲಿ ಫೋನ್ ನಡುಗಿತು. ಉದಯಶಂಕರ ಅವರ ಮೆಸೇಜು.

'ಅಕ್ಕಾರ, ಪೊಲೀಸ್ ಸ್ಟೇಷನ್ನಿಗೆ ಬಂದೀನಿ. ಕೊಕ್ಕಿ ಹಾಕೂದು ನಾನ ಮರತಿದ್ದೆ ಅಂತ ಬರದ ಕೊಡತೀನಿ. ಕರೀತಾರಂತ ಕುಂತೀನಿ. ಪಾಪೂಗ ಊಟ ಮಾಡಿಸಿ ಮನಿಗೆ ಬಿಡ್ರಿ.'

ಎರಡು ಸಲ ಓದಿದೆ. ಕಣ್ಣು ತುಂಬಿ ಬಂತು. ಇನ್ನೂ ಬರೆದುಕೊಟ್ಟಿಲ್ಲ, ಕಾಯುತ್ತಿದ್ದಾರೆ. ಒಂದು ಫೋನ್ ಮಾಡಿದರೆ ತಡೆಯಬಹುದು. ತಡೆದು ಏನು ಹೇಳಲಿ? ಮಗಳನ್ನು ಒಪ್ಪಿಸಿ ಎನ್ನಲೇ?

ಮೇಲೆ ಗುಂಯ್ ಎಂದಿತು. ಆರಿದ ದೊಡ್ಡ ದೀಪಗಳಿಗೆ ಮತ್ತೆ ಜೀವ ಬರುತ್ತಿತ್ತು. ಮಸುಕಾದ ನೀಲಿ ಬೆಳಕು ನಿಧಾನಕ್ಕೆ ಇಳಿಯಿತು. ನನಗಿಂತ ಮೊದಲು ಓಂಪ್ರಕಾಶ್ ನೋಡಿದರು. ಅವರ ನೋಟ ನನ್ನ ಹೆಗಲಿನ ಆಚೆಗೆ ನಿಂತಿತ್ತು.

ಸಿಂಧೂರ ನನ್ನಿಂದ ಮೂರು ಹೆಜ್ಜೆ ದೂರದಲ್ಲಿ ಬರಿಗಾಲಲ್ಲಿ ನಿಂತಿದ್ದಳು. ಶೂ ಎರಡೂ ಒಂದು ಕೈಯಲ್ಲಿದ್ದವು. ಇನ್ನೊಂದು ಕೈಯಲ್ಲಿ ಗೋಡೆಯ ಪೆಟ್ಟಿಗೆಯ ಬೀಗದ ಕೈ.

ನಾನು ಹಿಂದಕ್ಕೆ ಸರಿದೆ. ಹದಿನೇಳರ ಹುಡುಗಿಗೆ ಹೆದರಿ ಸರಿದೆ. ಸರಿದದ್ದು ಓಂಪ್ರಕಾಶ್ ಕಡೆಗೆ.

"ಲೈಟ್ ಆರಿಸಿದ್ದು ನಾನ, ಆಂಟಿ," ಎಂದಳು.

ಕನ್ನಡದಲ್ಲಿ. ಅವಳ ಅಪ್ಪನದೇ ಕನ್ನಡ, ಅವಳ ಅಪ್ಪನದೇ ರಾಗ.

"ಇವ್ರು ಒಳಗ ಬಂದದ್ದ ನೋಡಿ ಆರಿಸಿ ಮತ್ತ ಸ್ವಿಚ್ ಹಾಕಿದೆ, ಈ ದೀಪ ತಿರುಗಿ ಹತ್ತಾಕ ಹೊತ್ತು ಬೇಕು. ನೀವು ಇವ್ರಿಗೆ ಕಾಣಬಾರದಂತ. ಇವ್ರಿಗಿಂತ ಮೊದಲ ನಾನು ಮ್ಯಾಲೆ ಬಂದ್ರೂ, ಇವ್ರು ಫ್ಲಾಶ್ ಹೊಡೆದು ನಿಮ್ಮನ್ನ ಹುಡುಕಿಬಿಟ್ರು."

ಫ್ಲಾಶ್ ನನಗೆ ಕಾಣಲಿ ಎಂದಲ್ಲ, ನಾನು ಕಾಣಲಿ ಎಂದು. ಈ ಮಾತು ತಲೆಗೆ ಇಳಿಯುವಷ್ಟರಲ್ಲಿ ಮೆಟ್ಟಿಲು ಮತ್ತು ನನ್ನ ನಡುವೆ ಆ ಮನುಷ್ಯ ಇದ್ದಾರೆಂಬುದೂ ಇಳಿಯಿತು.

"ಸುಳ್ಳು ಮೇಡಂ," ಓಂಪ್ರಕಾಶ್ ಶಾಂತವಾಗಿ ಹೇಳಿದರು. "ಕೊಕ್ಕೆ ಬಿಚ್ತಾ ಇರೋ ಫೋಟೋ ನೋಡಿದ್ರಲ್ಲ."

"ಬಿಚ್ಚಾಕತ್ತಿದ್ದಿಲ್ಲ ಆಂಟಿ. ಹಾಕಾಕತ್ತಿದ್ದೆ. ಯಾರೋ ಬಿಚ್ಚಿದ್ದು ಕೆಳಗಿಂದ ಕಂಡು ಓಡಿ ಬಂದೆ. ಫ್ಲಾಶ್ ಕಣ್ಣಿಗೆ ಹೊಡೀತು, ಕೈ ತಪ್ಪಿತು, ಕಣ್ಣು ತಿಳಿಯಾಗಿ ಮತ್ತ ಕೊಕ್ಕಿ ಹುಡುಕೂದ್ರಾಗ ದೀಪ ಬಿತ್ತು."  ಅವಳು ಓಂಪ್ರಕಾಶ್ ಕಡೆ ತಿರುಗಿದಳು. "ಫೋಟೋ ಸಣ್ಣದ ಮಾಡಿ ತೋರಸ್ರಿ ಅಂಕಲ್. ನನ್ನ ಹಿಂದ ಯಾರ ನಿಂತಾರ, ಆಂಟೀನೂ ನೋಡಲಿ."

ಒಂದೇ ಕ್ಷಣದ ಫೋಟೋದಲ್ಲಿ ಕೈ ಕೊಕ್ಕೆಯನ್ನು ಹಾಕುತ್ತಿದೆಯೋ ಬಿಚ್ಚುತ್ತಿದೆಯೋ ಯಾರಿಗೂ ಹೇಳಲಾಗದು. ಹದಿನಾರು ವರ್ಷದಿಂದ ತನಿಖೆ ಮಾಡುತ್ತಿರುವ ನನಗೆ ಅದು ಹೊಳೆದೇ ಇರಲಿಲ್ಲ. ನಾನು ನೋಡಿದ್ದು ಅವರು ತೋರಿಸಿದಷ್ಟು ಮಾತ್ರ. ಆಸ್ಪತ್ರೆಯ ಪಾರ್ಕಿಂಗಿನಲ್ಲಿ ಉದಯಶಂಕರ ನೋಡಿದ್ದೂ ಅಷ್ಟೇ ಇರಬೇಕು.

ಗ್ಯಾಲರಿಯ ತುತ್ತತುದಿಯ ಆಸನ ನನ್ನ ಮೊಣಕೈಗೆ ತಾಗುವಷ್ಟು ಹತ್ತಿರದಲ್ಲಿತ್ತು. ಅಲ್ಲಿ ಯಾವಾಗಲೂ ಕೂತು ಚಕ್ಕುಲಿ ಹಂಚುವವರು ಇವರ ಹೆಂಡತಿ ನಮ್ರತಾ ಎಂದು ನೆನಪಾಯಿತು.

ಓಂಪ್ರಕಾಶ್ ಕ್ಯಾಮರಾ ಆರಿಸಿದರು. ಅದರ ಪಕ್ಕದ ಪುಟ್ಟ ಬಾಗಿಲು ತೆರೆದು ಕಾರ್ಡ್ ತೆಗೆದು ಮುಷ್ಟಿಯಲ್ಲಿ ಮುಚ್ಚಿಕೊಂಡರು. ಅವಸರವೇ ಇರಲಿಲ್ಲ. ಆಮೇಲೆ ಮೇಲಿನ ಮೆಟ್ಟಿಲಿನ ಮೇಲೆ ಕಾಲು ಅಗಲಿಸಿ ಕೂತು, ಖಾಲಿ ಕೈಯನ್ನು ನನ್ನ ಮುಂದೆ ಚಾಚಿದರು.

"ಫೋನ್ ಕೊಡಿ ಮೇಡಂ," ಎಂದರು. "ಉದಯಶಂಕರ ಅವರು ಬರೆದುಕೊಟ್ಟು ಬರಲಿ. ಅಲ್ಲೀತನಕ ಮೂರೂ ಜನ ಇಲ್ಲೇ ಕೂತಿರೋಣ."